ಇಸವಿಯ ಕೆಳಗಿನ ಗುರುತು

ಕೈಯಿಂದ ಕೈಗೆ ಸಾಗುವ ಚಿಲ್ಲರೆಯನ್ನು ಸೋಸಿ, ವಿರಳವಾದ ಟಂಕಸಾಲೆಗಳ ನಾಣ್ಯಗಳನ್ನು ಗುರುತಿಸಿ ಎತ್ತಿಡುವ ಹವ್ಯಾಸವು ನಾಣ್ಯಸಂಗ್ರಹದ ಶಾಖೆಗಳಲ್ಲಿ ಅತ್ಯಂತ ಕಡಿಮೆ ಖರ್ಚಿನದು. ಏಕೆಂದರೆ ಇಲ್ಲಿ ಸಂಗ್ರಾಹಕರು ತೆರುವ ಬೆಲೆ ನಾಣ್ಯದ ಮುಖಬೆಲೆಯಷ್ಟೇ ಆಗಿದ್ದು, ಬೇಡವಾದುದನ್ನು ಮರುದಿನವೇ ಅಂಗಡಿಯಲ್ಲಿ ಖರ್ಚು ಮಾಡಬಹುದು. ಆದರೆ ಈ ಹವ್ಯಾಸ ಬೇಡುವ ಗಮನ ಸಣ್ಣದಲ್ಲ. ನಾಣ್ಯದ ಮೇಲಿನ ಇಸವಿಯ ಕೆಳಗೆ, ಸಾಮಾನ್ಯವಾಗಿ ಸಾಸಿವೆ ಕಾಳಿಗಿಂತ ಕಿರಿದಾಗಿ ಮೂಡಿರುವ ಚಿಹ್ನೆಯನ್ನು ಟಂಕಸಾಲೆ ಗುರುತು ಎನ್ನುತ್ತಾರೆ. ಆ ನಾಣ್ಯವನ್ನು ಅಚ್ಚೊತ್ತಿದ್ದು ಯಾವ ಊರಿನ ಟಂಕಸಾಲೆ ಎಂಬುದನ್ನು ಅದು ಹೇಳುತ್ತದೆ.

ತೂಕದಲ್ಲಿ ಕೊರತೆಯೋ ಲೋಹದಲ್ಲಿ ಬೆರಕೆಯೋ ಕಂಡುಬಂದಾಗ ಹೊಣೆ ಯಾರದೆಂದು ಗೊತ್ತುಮಾಡಲು ಇಂತಹ ಗುರುತು ನೆರವಾಗುತ್ತದೆ, ಮತ್ತು ಈ ಪದ್ಧತಿ ಕನ್ನಡ ನೆಲಕ್ಕೆ ಹೊಸತೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಹೊರಡಿಸಿದ ಆನೆ ಚಿತ್ರದ ತಾಮ್ರದ ನಾಣ್ಯಗಳ ಇನ್ನೊಂದು ಬದಿಯಲ್ಲಿ ಟಂಕಸಾಲೆಯ ಹೆಸರನ್ನೇ ಪಾರಸಿ ಲಿಪಿಯಲ್ಲಿ ಕೊಡಲಾಗುತ್ತಿತ್ತು. ಶ್ರೀರಂಗಪಟ್ಟಣವು ಅಲ್ಲಿ ‘ಪಟನ್’ ಆಗಿಯೂ ಬಿದನೂರು ‘ನಗರ’ವಾಗಿಯೂ ಚಿತ್ರದುರ್ಗವು ‘ಫರ್ರುಖ್‌ಯಾಬ್ ಹಿಸಾರ್’ ಎಂಬ ಹೊಸ ಹೆಸರಿನಿಂದಲೂ ಕಾಣಿಸಿಕೊಳ್ಳುತ್ತವೆ. ಬ್ರಿಟಿಷರ ಕಾಲದಲ್ಲಿ ಊರಿನ ಹೆಸರಿನ ಜಾಗಕ್ಕೆ ಚುಕ್ಕೆಗಳೂ ಒಂಟಿ ಅಕ್ಷರಗಳೂ ಬಂದವು. ಎರಡನೆಯ ಮಹಾಯುದ್ಧದ ನಡುವೆ, 1943ರಿಂದ 1945ರವರೆಗೆ, ಲಾಹೋರಿನ ಟಂಕಸಾಲೆಯಿಂದ ‘ಎಲ್’ ಅಕ್ಷರ ಹೊತ್ತ ನಾಣ್ಯಗಳು ಹೊರಬಿದ್ದವು.

ಇಂದು ಭಾರತ ಸರ್ಕಾರದ ನಾಲ್ಕು ಟಂಕಸಾಲೆಗಳು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿವೆ. ಮುಂಬೈಯ ಗುರುತು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, 1988ರಿಂದ ನಾಣ್ಯ ಮುದ್ರಿಸುತ್ತಿರುವ ನೋಯ್ಡಾದ್ದು ದುಂಡನೆಯ ಚುಕ್ಕೆ. ಕೋಲ್ಕತ್ತಕ್ಕೆ ಮಾತ್ರ ಯಾವ ಗುರುತೂ ಇಲ್ಲ. ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿ 1950ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದ ಹೈದರಾಬಾದ್ ಟಂಕಸಾಲೆಯು ನಕ್ಷತ್ರಕ್ಕೆ ಮುನ್ನ ಸೀಳಿದ ವಜ್ರವನ್ನೂ ಒಳಗೆ ಚುಕ್ಕೆಯುಳ್ಳ ವಜ್ರವನ್ನೂ ಬಳಸಿತ್ತಾದ್ದರಿಂದ, 1950 ಮತ್ತು 60ರ ದಶಕಗಳ ನಾಣ್ಯದಲ್ಲಿ ವಜ್ರ ಕಂಡ ಮಾತ್ರಕ್ಕೆ ಅದನ್ನು ಮುಂಬೈಯದೆಂದು ತೀರ್ಮಾನಿಸಲಾಗದು.

ಈ ಹವ್ಯಾಸದ ನಿಜವಾದ ಕಷ್ಟವಿರುವುದು ಕೋಲ್ಕತ್ತದ ವಿಷಯದಲ್ಲಿ. ಉಳಿದ ಟಂಕಸಾಲೆಗಳನ್ನು ಇರುವ ಗುರುತಿನಿಂದ ತಿಳಿಯಬೇಕಾದರೆ ಕೋಲ್ಕತ್ತವನ್ನು ಇಲ್ಲದ ಗುರುತಿನಿಂದ ತಿಳಿಯಬೇಕಾಗುತ್ತದೆ. ಆದರೆ ದಶಕಗಳ ಕಾಲ ಕಿಸೆಗಳಲ್ಲಿ ಉಜ್ಜಿ ಸವೆದ ನಾಣ್ಯದಲ್ಲಿ ನೋಯ್ಡಾದ ಚುಕ್ಕೆ ಪೂರ್ತಿ ಅಳಿಸಿಹೋಗಿರಬಹುದು, ವಜ್ರದ ಮೂಲೆಗಳು ಕರಗಿ ಅದೇ ಚುಕ್ಕೆಯಂತೆ ಕಾಣಬಹುದು. ಆದ್ದರಿಂದ ಅನುಭವಿಗಳು ಮೊದಲು ನೋಡುವುದು ಗುರುತನ್ನಲ್ಲ, ಇಸವಿಯ ಅಂಕಿಗಳ ಅಂಚನ್ನು. ಅಂಕಿಗಳು ಚೂಪಾಗಿದ್ದು ಕೆಳಗಿನ ಜಾಗ ಖಾಲಿಯಿದ್ದರೆ ನಾಣ್ಯವು ಕೋಲ್ಕತ್ತದ್ದೆಂದು ಒಪ್ಪಬಹುದು. ಅಂಕಿಗಳೇ ಮಸುಕಾಗಿದ್ದರೆ ಅದನ್ನು ಯಾವ ಟಂಕಸಾಲೆಯ ಲೆಕ್ಕಕ್ಕೂ ಸೇರಿಸದೆ ಬಿಡುವುದೇ ಪ್ರಾಮಾಣಿಕ ಕ್ರಮ.

ವಿದೇಶದಲ್ಲಿ ಮುದ್ರಣಗೊಂಡು ಬಂದ ಭಾರತೀಯ ನಾಣ್ಯಗಳು ಈ ಹುಡುಕಾಟದ ಅತ್ಯಂತ ರುಚಿಕರ ಭಾಗ. 1980ರ ದಶಕದಲ್ಲಿ ಚಿಲ್ಲರೆಯ ಬೇಡಿಕೆಯನ್ನು ದೇಶದ ಟಂಕಸಾಲೆಗಳಷ್ಟೇ ಪೂರೈಸಲಾಗದೆ ಸರ್ಕಾರವು ಹೊರದೇಶಗಳ ನೆರವು ಪಡೆಯಿತು. 1985ರ ಒಂದು ರೂಪಾಯಿ ನಾಣ್ಯಗಳಲ್ಲಿ ಕೆಲವು ಇಸವಿಯ ಕೆಳಗೆ ‘ಎಚ್’ ಅಕ್ಷರ ಹೊತ್ತಿವೆ. ಅದು ಹೈದರಾಬಾದನ್ನು ಸೂಚಿಸುವುದಿಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹೀಟನ್ ಮನೆತನ ಕಟ್ಟಿ ಬೆಳೆಸಿದ ಖಾಸಗಿ ಟಂಕಸಾಲೆಯನ್ನು ಸೂಚಿಸುತ್ತದೆ. ಅದೇ ವರ್ಷ ವೇಲ್ಸ್‌ನ ಲ್ಯಾಂಟ್ರಿಸೆಂಟ್‌ನಲ್ಲಿರುವ ಬ್ರಿಟನ್ನಿನ ರಾಯಲ್ ಮಿಂಟ್ ಮುದ್ರಿಸಿದ ರೂಪಾಯಿಯಲ್ಲಿಯೂ ವಜ್ರವೇ ಇದೆ, ಆದರೆ ಇಸವಿಯ ಮೊದಲ ಅಂಕಿಯ ಕೆಳಗೆ. ಆಕಾರವನ್ನಷ್ಟೇ ನೋಡಿ ಸ್ಥಾನವನ್ನು ಗಮನಿಸದವರು ಅದನ್ನು ಮುಂಬೈ ನಾಣ್ಯದ ಗುಂಪಿಗೆ ಹಾಕಿಬಿಡುತ್ತಾರೆ. 1990ರ ದಶಕದ ಕೊನೆಯ ವರ್ಷಗಳಲ್ಲಿ ಮೆಕ್ಸಿಕೋದಿಂದ ನೆತ್ತಿಯ ಮೇಲೆ ಪುಟ್ಟ ‘ಒ’ ಇರುವ ‘ಎಂ’, ದಕ್ಷಿಣ ಆಫ್ರಿಕದ ಪ್ರಿಟೋರಿಯದಿಂದ ಅಂಡಾಕಾರದೊಳಗಿನ ‘ಎಂ’ ಮತ್ತು ಸ್ಲೊವಾಕಿಯದ ಕ್ರೆಮ್ನಿಟ್ಸಾದಿಂದ ‘ಎಂಕೆ’ ಗುರುತಿನ ನಾಣ್ಯಗಳು ಬಂದವು. ಸಂಗ್ರಾಹಕರಿಗಾಗಿಯೇ ಮುಂಬೈ ಸಿದ್ಧಪಡಿಸುವ ಹೊಳಪಿನ ‘ಪ್ರೂಫ್’ ನಾಣ್ಯಗಳಲ್ಲಿಯೂ ‘ಎಂ’ ಬಳಕೆಯಲ್ಲಿರುವುದರಿಂದ ಅಕ್ಷರದ ಸುತ್ತಲಿನ ಚೌಕಟ್ಟನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸದೆ ಹೆಸರು ಹೇಳುವಂತಿಲ್ಲ.

ವಿರಳತೆಯೆಂದರೆ ಹಳೆಯದಾಗಿರುವುದು ಎಂಬ ಜನಪ್ರಿಯ ನಂಬಿಕೆಯನ್ನು ಈ ಕ್ಷೇತ್ರ ಬೇಗನೆ ಕಳಚಿಹಾಕುತ್ತದೆ. ಅಮೆರಿಕದಲ್ಲಿ 1909ರಲ್ಲಿ, ವಿನ್ಯಾಸಕಾರ ವಿಕ್ಟರ್ ಡೇವಿಡ್ ಬ್ರೆನರನ ಮೊದಲಕ್ಷರಗಳೊಡನೆ ಹೊರಬಂದ ಲಿಂಕನ್ ಸೆಂಟ್ ಫಿಲಡೆಲ್ಫಿಯದಲ್ಲಿ ಸುಮಾರು 2.8 ಕೋಟಿಯಷ್ಟು ತಯಾರಾಯಿತು. ‘ಎಸ್’ ಗುರುತಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 4,84,000 ಮಾತ್ರ. ಒಂದೇ ವರ್ಷ, ಒಂದೇ ವಿನ್ಯಾಸ, ಒಂದೇ ಲೋಹವಿದ್ದರೂ ಇವುಗಳ ಬೆಲೆಗಳ ನಡುವೆ ಅಗಾಧ ಅಂತರವಿದೆ. ಅಲ್ಲಿನ ಸರ್ಕಾರಿ ಟಂಕಸಾಲೆಯು 2019ರಲ್ಲಿ ವೆಸ್ಟ್ ಪಾಯಿಂಟಿನ ‘ಡಬ್ಲ್ಯು’ ಗುರುತಿನ ಕ್ವಾರ್ಟರ್‌ಗಳನ್ನು, ಐದು ವಿನ್ಯಾಸಗಳಲ್ಲಿ ತಲಾ 20 ಲಕ್ಷದಂತೆ, ಜನರು ಹುಡುಕಲೆಂದೇ ಚಲಾವಣೆಗೆ ಬಿಟ್ಟಿತು. ಭಾರತೀಯ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯಾದರೋ ನಾಣ್ಯಗಳ ಲೆಕ್ಕವನ್ನು ಮುಖಬೆಲೆಯ ಪ್ರಕಾರ ಕೊಡುತ್ತದೆಯೇ ಹೊರತು ಟಂಕಸಾಲೆಯ ಪ್ರಕಾರ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಇಲ್ಲಿ ಚಿಲ್ಲರೆಯನ್ನು ಕೂತು ಎಣಿಸುವವರ ಟಿಪ್ಪಣಿಗೆ ವಿಶೇಷ ಬೆಲೆಯಿದೆ.

ಆ ಟಿಪ್ಪಣಿಯಲ್ಲಿ ನಾಣ್ಯ ಸಿಕ್ಕ ಊರು ಅಗತ್ಯವಾಗಿ ಇರಬೇಕು. ಟಂಕಸಾಲೆಗಳಿಂದ ನಾಣ್ಯಗಳು ಮೊದಲು ರಿಸರ್ವ್ ಬ್ಯಾಂಕಿನ ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನವದೆಹಲಿ ಕಚೇರಿಗಳನ್ನು ತಲುಪಿ, ಅಲ್ಲಿಂದ ಇತರ ಪ್ರಾದೇಶಿಕ ಕಚೇರಿಗಳಿಗೂ ಬ್ಯಾಂಕುಗಳ ಹಣದ ಖಜಾನೆಗಳಿಗೂ ಹಂಚಿಕೆಯಾಗುತ್ತವೆ. ಈ ದಾರಿಯಿಂದಾಗಿ ಒಂದು ಸೀಮೆಯಲ್ಲಿ ಮೂಟೆಗಟ್ಟಲೆ ಸಿಗುವ ಗುರುತು ಇನ್ನೊಂದು ಸೀಮೆಯಲ್ಲಿ ಅಪರೂಪವಾಗಬಲ್ಲದು. ಕಲಬುರಗಿಯ ಚಿಲ್ಲರೆಯನ್ನು ನೋಡಿ ಇಡೀ ದೇಶದ ವಿರಳತೆಯನ್ನು ನಿರ್ಣಯಿಸಲಾಗದು.

ಸಲಕರಣೆಗಳು ಸರಳ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಓರೆಯಾಗಿ ಬೀಳುವ ಬೆಳಕು, ಒಂದು ನೋಟ್‌ಪುಸ್ತಕ ಇದ್ದರೆ ಸಾಕು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಹುಣಸೆಹಣ್ಣಿನಿಂದಾಗಲಿ ಪಾತ್ರೆ ತೊಳೆಯುವ ಪುಡಿಯಿಂದಾಗಲಿ ತಿಕ್ಕಿ ಬೆಳಗಿಸಬಾರದು, ಏಕೆಂದರೆ ತಿಕ್ಕಿದಾಗ ಹೋಗುವುದು ಕೊಳೆ ಮಾತ್ರವಲ್ಲ, ಟಂಕಸಾಲೆಯಲ್ಲಿ ಮೂಡಿದ ಮೇಲ್ಮೈಯೂ ಸವೆಯುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಿಂದ ಹಿಂದೆ ಸರಿದಿರುವುದರಿಂದ ದಿನಬಳಕೆಯ ಹುಡುಕಾಟ ಈಗ 50 ಪೈಸೆ ಮತ್ತು ಅದರ ಮೇಲಿನವುಗಳಿಗೆ ಸೀಮಿತವಾಗಿದೆ.

ಹೊಸಬರು ಮಾರಾಟದ ಆಸೆಯ ಬಗೆಗೆ ಎಚ್ಚರದಿಂದಿರಬೇಕು. ಹಳೆಯ ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡಿಸುವುದಾಗಿ ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ಬಳಸಿ, ತೆರಿಗೆ ಅಥವಾ ಕಮಿಷನ್ ಎಂದು ಮುಂಗಡ ಕೇಳುವ ವಂಚಕರ ವಿರುದ್ಧ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿತು. ತಾನು ಅಂತಹ ವ್ಯವಹಾರ ಮಾಡುವುದಿಲ್ಲವೆಂದೂ ತನ್ನ ಪರವಾಗಿ ಶುಲ್ಕ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಅದರಲ್ಲಿ ಸ್ಪಷ್ಟಪಡಿಸಿತು.