ಬಾವಿಯ ಆಳದಲ್ಲಿ ಬಂಡೆಯ ಬಿಗಿತ

ಎಣ್ಣೆಬಾವಿಯ ತಳಕ್ಕೆ ಇಳಿದು ನೋಡಿ ಬಂದವರು ಯಾರೂ ಇಲ್ಲ. ಆಳವಾದರೋ ಅನೇಕ ಕಡೆ ಮೂರು ನಾಲ್ಕು ಕಿಲೋಮೀಟರು. ತಳದಲ್ಲಿ ಅಗಲ ಸುಮಾರು ಒಂದು ಗೇಣು. ಆದರೂ ಅಲ್ಲಿಯ ಬಂಡೆಯನ್ನು ಯಾವ ದಿಕ್ಕಿನಿಂದ ಎಷ್ಟು ಬಲ ಒತ್ತುತ್ತಿದೆ ಎಂಬ ಲೆಕ್ಕ ಎಂಜಿನಿಯರರಿಗೆ ಬೇಕೇ ಬೇಕು. ಏಕೆಂಬುದನ್ನು ಮೊದಲು ನೋಡೋಣ.

ಬಾವಿ ಕೊರೆಯುವಾಗ ಅದರ ತುಂಬ ಜೇಡಿಮಣ್ಣು ಮೊದಲಾದವು ಬೆರೆತ ರಾಡಿಯನ್ನು ನಿಲ್ಲಿಸಿರುತ್ತಾರೆ. ಕೊರೆದು ತೆಗೆದ ಬಂಡೆಯ ಬದಲಿಗೆ ಗೋಡೆಯನ್ನು ಒಳಗಿನಿಂದ ತಡೆಯುವುದು ಈ ರಾಡಿಯ ಭಾರವೇ. ರಾಡಿ ತೀರ ಹಗುರವಾದರೆ ಗೋಡೆ ಕುಸಿದು ಕೊರೆಯುವ ಕೊಳವೆ ಸಿಕ್ಕಿಕೊಳ್ಳುತ್ತದೆ. ಬಂಡೆಯ ಸಂದುಗಳಲ್ಲಿರುವ ಅನಿಲ ಒಳನುಗ್ಗಿ ಬಾವಿಯ ಬಾಯಿಯಿಂದ ಚಿಮ್ಮಲೂಬಹುದು. ತೀರ ಭಾರವಾದರೆ ಬಂಡೆ ಸೀಳಿ, ರಾಡಿ ಬಿರುಕಿನ ಪಾಲಾಗುತ್ತದೆ. ಅದರ ಮಟ್ಟ ಇಳಿದಾಗ ಮತ್ತೆ ಅನಿಲದ ಭಯ. ಈ ಎರಡರ ನಡುವಣ ದಾರಿ ಕೆಲವೆಡೆ ಬಹಳ ಕಿರಿದು. ಅಲ್ಲಿ ದುಡಿಯುವವರ ಪ್ರಾಣ ಸರಿಯಾದ ಅಂದಾಜನ್ನು ನಂಬಿಕೊಂಡಿದೆ.

ತಿಳಿಯಬೇಕಾದ ಒತ್ತಡಗಳು ಮೂರು. ಮೇಲಿನಿಂದ ಬರುವುದರ ಲೆಕ್ಕ ಸುಲಭ. ಅದು ಮೇಲಿರುವ ಬಂಡೆಯ ತೂಕ. ಬಂಡೆ ನೀರಿಗಿಂತ ಎರಡೂವರೆ ಪಟ್ಟು ಭಾರವೆಂದು ಹಿಡಿದರೆ, ಪ್ರತಿ ಕಿಲೋಮೀಟರು ಆಳಕ್ಕೆ ಚದರ ಸೆಂಟಿಮೀಟರಿಗೆ 250 ಕಿಲೋಗ್ರಾಂ ಸೇರುತ್ತದೆ. ನಾಲ್ಕು ಕಿಲೋಮೀಟರು ಆಳದಲ್ಲಿ, ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಟನ್ನು!

ಅಡ್ಡಲಾಗಿ ಒತ್ತುವ ಬಲಗಳು ಎರಡು. ಅವು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಕಡಿಮೆಯದನ್ನು ಬಂಡೆಯನ್ನೇ ಕೇಳಿ ತಿಳಿಯುತ್ತಾರೆ. ಉಕ್ಕಿನ ಕೊಳವೆಯನ್ನು ಇಳಿಸಿ ಸಿಮೆಂಟಿನಿಂದ ಭದ್ರಪಡಿಸಿದ ಮೇಲೆ, ಅದರ ಕೆಳಗೆ ಕೆಲವು ಅಡಿ ಹೊಸ ಬಂಡೆಯನ್ನು ಕೊರೆದು, ಬಾವಿಯ ಬಾಯಿ ಮುಚ್ಚಿ, ರಾಡಿಯನ್ನು ಮೆಲ್ಲಮೆಲ್ಲನೆ ಪಂಪು ಮಾಡುತ್ತಾರೆ. ಒತ್ತಡ ಮೊದಲು ಒಂದೇ ಸಮನೆ ಏರುತ್ತದೆ. ಬಂಡೆ ಬಿರುಕುಬಿಡುತ್ತಲೇ ಏರಿಕೆ ತಗ್ಗುತ್ತದೆ. ಬಿರುಕನ್ನು ಇನ್ನಷ್ಟು ಬೆಳೆಸಿ ಪಂಪು ನಿಲ್ಲಿಸಿದರೆ ಅದು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಗಳಿಗೆಯ ಒತ್ತಡವೇ ಕನಿಷ್ಠ ಬಲದ ಅಳತೆ. ಬಿರುಕು ಅತಿ ಕಡಿಮೆ ಬಲವಿರುವ ದಿಕ್ಕಿಗೇ ಬಾಯಿ ತೆರೆಯುತ್ತದೆ ಎಂಬ ಈ ತತ್ತ್ವವನ್ನು ಹಬರ್ಟ್ ಮತ್ತು ವಿಲ್ಲಿಸ್ ಎಂಬ ವಿಜ್ಞಾನಿಗಳು 1957ರಲ್ಲಿ ವಿವರಿಸಿದರು.

ಉಳಿದದ್ದು ದೊಡ್ಡ ಬಲ. ಅದರ ದಿಕ್ಕನ್ನು ಬಾವಿಯ ಆಕಾರವೇ ಹೇಳುತ್ತದೆ. ಹೊಳೆಯ ನಡುವಣ ಕಲ್ಲಿನ ಇಕ್ಕೆಲದಲ್ಲಿ ನೀರು ಬಿರುಸಾಗುವುದನ್ನು ನೀವು ಕಂಡಿರಬಹುದು. ಬಾವಿಯ ಸುತ್ತಲೂ ಬಲ ಹಾಗೆಯೇ ಇಕ್ಕೆಲದಲ್ಲಿ ದಟ್ಟೈಸುತ್ತದೆ. ಒಂದೇ ದಿಕ್ಕಿನಿಂದ ಒತ್ತಿದ ಹಲಗೆಯ ದುಂಡು ರಂಧ್ರದ ಇಕ್ಕೆಲದಲ್ಲಿ ಅದು ಮೂರು ಪಟ್ಟಾಗುವುದೆಂದು ಜರ್ಮನಿಯ ಕಿರ್ಷ್ 1898ರಲ್ಲಿ ಗಣಿತದಿಂದ ತೋರಿಸಿದ್ದನು. ಅಲ್ಲಿ ಗೋಡೆಯ ಚಕ್ಕೆಗಳು ಉದುರಿ ದುಂಡು ಬಾವಿ ಮೊಟ್ಟೆಯಂತೆ ನೀಳವಾಗುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತದ ಎಣ್ಣೆಬಾವಿಗಳು ವಾಯವ್ಯದಿಂದ ಆಗ್ನೇಯಕ್ಕೆ ನೀಳವಾಗಿದ್ದವು. ಹಾಗಾದರೆ ದೊಡ್ಡ ಬಲ ಅದಕ್ಕೆ ಅಡ್ಡಲಾಗಿ, ಈಶಾನ್ಯ ನೈರುತ್ಯ ದಿಕ್ಕಿನಲ್ಲಿದೆ ಎಂದು ಬೆಲ್ ಮತ್ತು ಗಫ್ 1979ರಲ್ಲಿ ನಿರ್ಣಯಿಸಿದರು. ಈ ಬಲದ ಪ್ರಮಾಣವನ್ನು ಮಾತ್ರ ನೇರವಾಗಿ ಅಳೆಯುವುದು ಕಷ್ಟ. ಚಕ್ಕೆ ಎದ್ದ ಜಾಗದ ಅಗಲ, ಬಂಡೆಯ ಗಟ್ಟಿತನ, ರಾಡಿಯ ಭಾರ, ಇವನ್ನು ಕೂಡಿಸಿ ಇಷ್ಟರಿಂದ ಇಷ್ಟರೊಳಗೆ ಎಂದು ಮಿತಿ ಕಟ್ಟಬೇಕು.

ಬಂಡೆಯ ಈ ಬಿಗಿತ ನಮ್ಮ ನಾಡಿಗೂ ಪರಿಚಿತವೇ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು; ಅಲ್ಲಿ ಬಂಡೆ ಹಠಾತ್ತನೆ ಸಿಡಿದು ಎಷ್ಟೋ ಕಾರ್ಮಿಕರು ಜೀವ ತೆತ್ತರು. ಬಂಡೆಯನ್ನು ತೆಗೆದಲ್ಲಿ ಅದು ಹೊತ್ತಿದ್ದ ಭಾರ ನೆರೆಯ ಬಂಡೆಯ ಮೇಲೆ ಬೀಳುತ್ತದೆ. ಗಣಿಯಾಗಲಿ ಬಾವಿಯಾಗಲಿ, ಆ ಭಾರ ಎಷ್ಟೆಂದು ಮೊದಲೇ ತಿಳಿದು ತೋಡುವುದೇ ಕ್ಷೇಮ.