ವಾರ್ಡಿನ ಲಿಪಿಕಾರರು

ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸಿದವರಿಗೆ ಲಿಪಿಕಾರನ ಉಪಕಾರವೂ ಗೊತ್ತು, ಉಪದ್ರವವೂ ಗೊತ್ತು. ಅವನು ಪ್ರತಿ ಮಾಡದೆ ಹೋಗಿದ್ದರೆ ಪಂಪನೂ ರನ್ನನೂ ನಮ್ಮ ಕೈ ಸೇರುತ್ತಿರಲಿಲ್ಲ. ಆದರೆ ಪಕಾರದ ಒಡಲಲ್ಲಿ ಒಂದು ಗೀಟು ಕೂಡಿದರೆ ಅದು ಷಕಾರ; ದಕಾರದ ತಳದಲ್ಲಿ ಒಂದು ಸೀಳು ಬಿದ್ದರೆ ಧಕಾರ. ಬರೆದವನ ಕಣ್ಣು ಒಂದಿಷ್ಟು ಮಂಜಾಯಿತೆಂದರೆ ಮುಂದೆ ಪಂಡಿತರು ಪಾಠಾಂತರಗಳಲ್ಲಿ ತೊಳಲಬೇಕು. ತೊಳಲಿದರೂ ಹಾನಿಯೇನಿಲ್ಲ, ಪದ್ಯ ಕಾಯುತ್ತದೆ. ಕಾಯಲಾರದ ಬರಹವನ್ನು ಪ್ರತಿಮಾಡುವ ಲಿಪಿಕಾರರೂ ನಮ್ಮ ಕಾಲದಲ್ಲಿ ಉಂಟೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿಯದು.

ಅಮೆರಿಕದ ಆಸ್ಪತ್ರೆಗಳಲ್ಲಿ ಅವರಿಗೆ ವಾರ್ಡ್ ಕ್ಲಾರ್ಕ್ ಎಂದೂ ಯೂನಿಟ್ ಸೆಕ್ರೆಟರಿ ಎಂದೂ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯರು ಸೇನೆಯ ಶುಶ್ರೂಷೆಗೆ ತೆರಳಿ, ಊರಿನ ಆಸ್ಪತ್ರೆಗಳಲ್ಲಿ ಕೈ ಸಾಲದಾದಾಗ, ಉಳಿದವರ ಹೆಗಲಿನಿಂದ ಬರವಣಿಗೆಯ ಭಾರವನ್ನಾದರೂ ಇಳಿಸೋಣವೆಂದು ಈ ಹುದ್ದೆ ಹರಡಿತು. ಇದಕ್ಕೆ ವೈದ್ಯಪದವಿ ಬೇಕಿಲ್ಲ. ಪ್ರೌಢಶಾಲೆ ಮುಗಿಸಿ, ವೈದ್ಯಕೀಯ ಪರಿಭಾಷೆಯನ್ನು ರೂಢಿಸಿಕೊಂಡರೆ ಸಾಕು. ವಾರ್ಡಿನ ನಡುವೆ, ದಾದಿಯರ ಮೇಜಿನ ಬಳಿ ಅವರ ಆಸನ. ಟೆಲಿಫೋನು, ಹಾಸಿಗೆಗಳಿಂದ ಬರುವ ಕರೆಗಂಟೆ, ಬಂಧುಗಳ ವಿಚಾರಣೆ, ಯಾರದಾದರೂ ಹೃದಯ ನಿಂತಾಗ ತುರ್ತುತಂಡಕ್ಕೆ ಕರೆ, ಎಲ್ಲವೂ ಅಲ್ಲಿಂದಲೇ. ಆದರೆ ಬಹುಕಾಲ ಅವರ ಮುಖ್ಯ ಕೆಲಸವೆಂದರೆ ವೈದ್ಯರು ಅವಸರದಲ್ಲಿ ಗೀಚಿಹೋದ ಆದೇಶವನ್ನು ಓದಿ, ಔಷಧವನ್ನು ಒಂದು ಹಾಳೆಗೆ, ರಕ್ತಪರೀಕ್ಷೆಯನ್ನು ಇನ್ನೊಂದಕ್ಕೆ, ಪಥ್ಯವನ್ನು ಮತ್ತೊಂದಕ್ಕೆ ಎತ್ತಿ ಬರೆಯುವುದು. ಬರೆದದ್ದನ್ನು ದಾದಿಯೊಬ್ಬಳು ಮೂಲದೊಡನೆ ತಾಳೆ ನೋಡಿ ರುಜು ಹಾಕಬೇಕು. ಗ್ರಂಥಸಂಪಾದನೆಯ ಕ್ರಮವೇ ಇದೂ; ಇಲ್ಲಿ ದೊರೆಯುವ ಮೂಲಪ್ರತಿ ಮಾತ್ರ ಒಂದೇ, ಸಮಯ ಕೆಲವೇ ನಿಮಿಷ.

ಇನ್ನು ಆ ಬರಹದ ಭಾಷೆ! ಜನರ ನಾಲಗೆಯಿಂದ ಎಂದೋ ಮರೆಯಾದ ಲ್ಯಾಟಿನ್ ಆಸ್ಪತ್ರೆಯಲ್ಲಿ ಮೊಟಕುರೂಪದಲ್ಲಿ ಇನ್ನೂ ಉಸಿರಾಡುತ್ತಿದೆ. ‘ಸ್ಟಾಟ್’ ಎಂದರೆ ತತ್‌ಕ್ಷಣ, ‘ಎನ್.ಪಿ.ಓ.’ ಎಂದರೆ ಬಾಯಿಂದ ಏನನ್ನೂ ಕೊಡಕೂಡದು. ‘ಕ್ಯು.ಡಿ.’ ಎಂದರೆ ದಿನಕ್ಕೊಮ್ಮೆ. ನಡುವಿನ ಚುಕ್ಕೆ ತುಸು ಉದ್ದವಾಗಿ ‘ಐ’ಯಂತೆ ಕಂಡರೆ ದಿನಕ್ಕೆ ನಾಲ್ಕು ಸಲ. ಇನ್ಸುಲಿನ್ನಿನ ಅಳತೆಯಾದ ಯೂನಿಟ್ಟಿಗೆ ‘ಯು’ ಎಂಬ ರೋಮನ್ ಅಕ್ಷರವೊಂದನ್ನೇ ಬರೆಯುವ ವಾಡಿಕೆಯಿತ್ತು. ಆ ಅಕ್ಷರದ ತೆರೆದ ಬಾಯಿ ಮುಚ್ಚಿಕೊಂಡರೆ ಅದು ಸೊನ್ನೆ. 4 ಯೂನಿಟ್ಟು 40 ಆಗುತ್ತದೆ. ರೋಗಿಯ ಪ್ರಾಣಕ್ಕೆ ಸಂಚಕಾರ ಬರಲು ಅಷ್ಟು ಸಾಕು. ‘ಎಂ.ಎಸ್.’ ಎಂಬುದು ಮಾರ್ಫಿನ್ ಸಲ್ಫೇಟೂ ಹೌದು, ಮೆಗ್ನೀಸಿಯಂ ಸಲ್ಫೇಟೂ ಹೌದು. ಶ್ಲೇಷೆ ಚಂಪೂಕಾವ್ಯಕ್ಕೆ ಭೂಷಣವಿರಬಹುದು, ಔಷಧದ ಚೀಟಿಗಲ್ಲ! ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ, ಇಂದು ಜಾಯಿಂಟ್ ಕಮಿಷನ್ ಎಂದು ಹೆಸರಾದ ಸಂಸ್ಥೆ 2004ರಲ್ಲಿ ಇಂಥ ಸಂಕ್ಷೇಪಗಳನ್ನು ಬಳಸಕೂಡದೆಂದು ಪಟ್ಟಿಯೊಂದನ್ನೇ ಹೊರಡಿಸಿತು.

ಅರ್ಥವಾಗದ ಕಡೆ ಊಹಾಪಾಠವನ್ನು ಸೂಚಿಸುವ ಸ್ವಾತಂತ್ರ್ಯ ಗ್ರಂಥಸಂಪಾದಕನಿಗುಂಟು. ವಾರ್ಡಿನ ಲಿಪಿಕಾರರಿಗೆ ಇಲ್ಲ. ಅವರು ಕೇಳಲೇಬೇಕು. ಹೊರಟುನಿಂತ ಶಸ್ತ್ರವೈದ್ಯರನ್ನು ತಡೆದು, ‘ಇದು ಒಂದೋ ಏಳೋ?’ ಎಂದು ಕೇಳುವುದು ಸಂಬಳದಲ್ಲಿಯೂ ಮನ್ನಣೆಯಲ್ಲಿಯೂ ಕೆಳಮೆಟ್ಟಿಲಿನಲ್ಲಿರುವವರಿಗೆ ಸುಲಭವೆ? ಮುಖ ಸಿಂಡರಿಸಿದರೂ ಸರಿಯೆಂದು ಕೇಳುವ ಆ ಎದೆಗಾರಿಕೆಯನ್ನು ನಾನು ಅಂದವಾದ ಕೈಬರಹಕ್ಕಿಂತ ದೊಡ್ಡ ವಿದ್ಯೆಯೆಂದು ಎಣಿಸುತ್ತೇನೆ.

ವೈದ್ಯಕೀಯ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲು ಅಮೆರಿಕದ ಸರ್ಕಾರ 2009ರಲ್ಲಿ ಶಾಸನ ಮಾಡಿ ಧನಸಹಾಯ ಒದಗಿಸಿದ ತರುವಾಯ ವೈದ್ಯರೇ ಆದೇಶಗಳನ್ನು ಯಂತ್ರಕ್ಕೆ ಊಡುವ ಪದ್ಧತಿ ಬಲಿಯಿತು. ಪ್ರತಿಮಾಡುವ ಕೆಲಸ ಬಹುಮಟ್ಟಿಗೆ ಹೋಯಿತು. ಟೆಲಿಫೋನು, ಕರೆಗಂಟೆ, ಕಣ್ಣೀರಿಡುವ ಬಂಧುಗಳು ಉಳಿದರು. ತಪ್ಪುಗಳೇನೂ ಪೂರ್ತಿ ಹೋಗಲಿಲ್ಲ: ಅಕ್ಷರ ಮಸುಕಾಗುವ ಬದಲು ಪಟ್ಟಿಯಲ್ಲಿ ಪಕ್ಕದ ಸಾಲಿನ ಔಷಧಕ್ಕೆ ಬೆರಳು ತಾಕುವುದುಂಟು. ಯಂತ್ರ ಕೈಕೊಟ್ಟ ದಿನ ಕಪಾಟಿನಲ್ಲಿಟ್ಟ ಕಾಗದದ ನಮೂನೆಗಳು ಮತ್ತೆ ಹೊರಬರುತ್ತವೆ.

ಕರ್ನಾಟಕದ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿಯೂ ವಾರ್ಡ್ ಸೆಕ್ರೆಟರಿಗಳನ್ನು ಕಾಣಬಹುದು. ವಿಮೆಯ ಕಾಗದ ಬಂದಿತೆ, ಡಿಸ್ಚಾರ್ಜ್ ಯಾವಾಗ ಎಂದು ಗಳಿಗೆಗೊಮ್ಮೆ ಜನ ಕೇಳುವುದು ಅವರನ್ನೇ. ಸರ್ಕಾರಿ ಆಸ್ಪತ್ರೆಗಳ ಮಾತು ಬೇರೆ. ಅಲ್ಲಿ ಔಷಧದ ಇಂಡೆಂಟು, ವರದಿಯ ಪುಸ್ತಕ ಮುಂತಾದ ಬರವಣಿಗೆಯ ಹೊರೆ ಸಾಮಾನ್ಯವಾಗಿ ಸಿಸ್ಟರುಗಳ ಮೇಲೆಯೇ. ಬರೆಯುತ್ತಿರುವಾಗಲೇ ಮೂಲೆಯ ಮಂಚದಿಂದ ‘ಸಿಸ್ಟರ್, ಡ್ರಿಪ್ ಮುಗಿಯಿತು’ ಎಂಬ ಕೂಗು ಕೇಳುತ್ತದೆ.