ಗೇರ್ ಸೈಕಲ್ ‘ಕಟಕ್’ ಅಂದರೆ ಮೊದಲು ಟೇಪ್ ಹಿಡಿಯಿರಿ

ತಂಗಿಯ ಮಗನ ಗೇರ್ ಸೈಕಲ್‌ಗೆ ಎರಡು ವರ್ಷ. ಅವನ ಉಪ್ಪ ದಮ್ಮಾಮ್‌ನಿಂದ ಕಳುಹಿಸಿದ ದುಡ್ಡಿನಲ್ಲಿ ತೆಗೆದದ್ದು. ಪಿಯುಸಿ ಹುಡುಗ, ಕಾಲೇಜಿಗೆ ಅದರಲ್ಲೇ ಹೋಗಿ ಬರುವುದು. ಕಳೆದ ಮಳೆಗಾಲ ಮುಗಿಯುವಾಗ ಚೈನ್ ತುಕ್ಕು ಹಿಡಿದು ಕಿರುಗುಟ್ಟುತ್ತಿತ್ತು. ಅಂಗಡಿಗೆ ಕೊಟ್ಟಾಗ ಹೊಸ ಚೈನ್ ಹಾಕಿ ಕೊಟ್ಟರು.

ಮಾರನೇ ದಿನ ದೇರಳಕಟ್ಟೆಯ ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿದದ್ದೇ, ‘ಕಟಕ್’ ಎಂದು ಚೈನ್ ಜಾರಿತು. ಹುಡುಗ ಮೊದಲು ಹ್ಯಾಂಡಲ್ ಮೇಲೆ, ಮತ್ತೆ ರಸ್ತೆಗೆ. ಹಿಂದಿನ ಬಸ್ಸಿನವರು ಬ್ರೇಕ್ ಹಾಕಿದ್ದರಿಂದ ಮೊಣಕಾಲಿನ ಗಾಯದಲ್ಲಿ ಮುಗಿಯಿತು. ‘ಇನ್ನು ಇದು ಮನೆಯಲ್ಲಿ ಬೇಡ, ಗುಜರಿಗೆ ಹಾಕಿ’ ಎಂದು ತಂಗಿ ಹಟ ಹಿಡಿದಳು. ಹೊಸ ಚೈನ್ ಹಾಕಿದ ಮೇಲೆ ಹೆಚ್ಚು ಜಾರುವುದು ಎಂಥ ಕಥೆ ಮಾರಾಯ್ರೇ?

ಉತ್ತರ ಹೇಳಿದ್ದು ನೆರೆಮನೆಯ ಹಿರಿಯರು. ಗಲ್ಫ್‌ನಲ್ಲಿ ವರ್ಷಗಟ್ಟಲೆ ಮೆಕ್ಯಾನಿಕ್ ಆಗಿದ್ದವರು. ‘ಹಳೇ ಚೈನ್ ಉಂಟಾ ಮೋನೇ? ಸ್ಟೀಲ್ ಟೇಪ್ ತಾ’ ಎಂದರು.

ಸೈಕಲ್ ಚೈನ್‌ನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಒಂದು ಪಿನ್ನಿನ ಮಧ್ಯಕ್ಕೆ ಟೇಪಿನ ಸೊನ್ನೆ ಹಿಡಿದರೆ, 25ನೇ ಪಿನ್ನಿನ ಮಧ್ಯ ಸರಿಯಾಗಿ 12 ಇಂಚಿಗೆ ಬರಬೇಕು. ಚೈನ್ ಬಿಗಿಯಾಗಿರಲಿ. ಪಿನ್ 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು. 1/8 ಇಂಚು ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲೂ ಸವೆದಿರುತ್ತದೆ. ಅಂಗಡಿಯಲ್ಲಿ ಅದಕ್ಕೆ ಕ್ಯಾಸೆಟ್ ಅಥವಾ ಫ್ರೀವೀಲ್ ಅನ್ನುತ್ತಾರೆ. ನಮ್ಮ ಹಳೇ ಚೈನ್ 1/8 ದಾಟಿತ್ತು.

‘ಚೈನ್ ಎಳೆದಿದೆ’ ಎನ್ನುತ್ತೇವಲ್ಲ, ನಿಜವಾಗಿ ಕಬ್ಬಿಣ ಎಳೆಯುವುದಲ್ಲ. ಮರಳು, ಕೆಸರು ಸೇರಿ ಪಿನ್ನುಗಳು ಸವೆಯುತ್ತವೆ, ಚೈನ್ ಉದ್ದವಾಗುತ್ತದೆ. ಹಲ್ಲುಗಳೂ ಅದಕ್ಕೆ ಹೊಂದಿಕೊಂಡು ಸವೆಯುತ್ತವೆ. ಆಮೇಲೆ ಹೊಸ ಚೈನ್ ಆ ಹಲ್ಲಿನಲ್ಲಿ ಕೂರುವುದಿಲ್ಲ. ಏರಿನಲ್ಲಿ ಒತ್ತಿ ತುಳಿದಾಗ ಹಾರುತ್ತದೆ. ಅಂಗಡಿಯವರು ಹಾಕಿದ ಚೈನ್ ಸರಿಯೇ ಇತ್ತು. ಹಲ್ಲು ನೋಡದೆ ಹಾಕಿದ್ದು ತಪ್ಪು.

ಎಲ್ಲ ‘ಕಟಕ್’ ಒಂದೇ ಅಲ್ಲ. ಒತ್ತಿ ತುಳಿಯುವಾಗ ಮಾತ್ರ ಜಾರಿದರೆ ಸವೆತವನ್ನು ಮೊದಲು ನೋಡಿ. ಒತ್ತದಿದ್ದರೂ ಗೇರ್ ತಾನೇ ಬದಲಾದರೆ, ಅಥವಾ ತಡವಾಗಿ ಬಿದ್ದರೆ ಕೇಬಲ್ ನೋಡಿ. ಕೇಬಲ್ ಹಿಂದಿನ ಡಿರೇಲರ್‌ಗೆ ಸೇರುವಲ್ಲಿ ಅಥವಾ ಹ್ಯಾಂಡಲ್ ಬಳಿ ಕೈಯಲ್ಲೇ ತಿರುಗುವ ಸಣ್ಣ ತಿರುಪು ಇರುತ್ತದೆ. ಚೈನ್ ದೊಡ್ಡ ಚಕ್ರಕ್ಕೆ ಹತ್ತಲು ಸತಾಯಿಸಿದರೆ ಅದನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿ, ತುಳಿದು ನೋಡಿ. ಚಿಕ್ಕದಕ್ಕೆ ಇಳಿಯಲು ಸತಾಯಿಸಿದರೆ ಇನ್ನೊಂದು ಕಡೆಗೆ. ಕೇಬಲ್ ಒಳಗೇ ತುಕ್ಕು ಹಿಡಿದಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಕೇಬಲ್, ಕವಚ ಎರಡೂ ಹೊಸತು ಬೇಕು.

ಪೆಡಲ್ ಕೆಲವು ಸುತ್ತು ತಿರುಗಿದ ಮೇಲೆ ಒಮ್ಮೊಮ್ಮೆ ಮಾತ್ರ ‘ಟಕ್’ ಅಂದರೆ, ಯಾವುದೋ ಒಂದು ಕೊಂಡಿ ಬಿಗಿದಿರಬಹುದು. ಪೆಡಲ್ ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಡಿರೇಲರ್‌ನ ಚಿಕ್ಕ ಚಕ್ರಗಳ ಹತ್ತಿರ ಕಣ್ಣಿಡಿ. ಬಗ್ಗದ ಕೊಂಡಿ ಅಲ್ಲಿ ಹಾರಿ ತೋರಿಸುತ್ತದೆ.

ಅಪಾಯದ್ದು ಬೇರೆ ಉಂಟು. ಸೈಕಲ್ ಬಲಬದಿಗೆ ಬಿದ್ದಿದ್ದರೆ ಡಿರೇಲರ್ ನೇತಾಡುವ ಹ್ಯಾಂಗರ್ ಬಗ್ಗಿರಬಹುದು. ಹಿಂದಿನಿಂದ ನೋಡಿ: ಚಿಕ್ಕ ಚಕ್ರಗಳೆರಡೂ ಹಲ್ಲುಚಕ್ರದ ನೇರಕ್ಕೆ ಇರಬೇಕು. ಒಳಕ್ಕೆ ವಾಲಿದ್ದರೆ ದೊಡ್ಡ ಚಕ್ರದ ಗೇರ್ ಹಾಕಲೇಬೇಡಿ. ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ ಹಿಂದಿನ ಚಕ್ರ ನಿಂತೇ ಬಿಡಬಹುದು. ಇದು ಮನೆಯಲ್ಲಿ ಇಕ್ಕಳ ಹಿಡಿದು ಮಾಡುವ ಕೆಲಸ ಅಲ್ಲ, ಅಂಗಡಿಗೇ ಕೊಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರ ಮಳೆ, ವರ್ಷವಿಡೀ ಕಡಲಿನ ಉಪ್ಪು ಗಾಳಿ. ಹಾಗಾಗಿ ನೆನೆದು ಬಂದ ಸೈಕಲ್ಲನ್ನು ಹಾಗೇ ಗೋಡೆಗೆ ಒರಗಿಸಬೇಡಿ. ಹಳೇ ಬಟ್ಟೆಯಲ್ಲಿ ಚೈನ್ ಒರೆಸಿ, ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದೊಂದು ಹನಿ ಚೈನ್ ಆಯಿಲ್ ಬಿಡಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನ ಎಣ್ಣೆ ಪೂರ್ತಿ ಒರೆಸಿಬಿಡಿ. ಇಲ್ಲವಾದರೆ ಮರಳು ಅಂಟುತ್ತದೆ. ಬೈಕ್‌ನಿಂದ ತೆಗೆದ ಸುಟ್ಟ ಆಯಿಲ್ ಬೇಡ. ಸರ್ವಿಸ್ ಸ್ಟೇಷನ್‌ನ ಜೋರು ನೀರೂ ಬೇಡ, ಬೇರಿಂಗ್ ಒಳಗೆ ನುಗ್ಗುತ್ತದೆ.

ಕೊನೆಗೆ ಫ್ರೀವೀಲ್ ಒಂದನ್ನೇ ಬದಲಿಸಿದೆವು. ಹುಡುಗ ಅದೇ ಏರಿನಲ್ಲಿ ಮೊದಲು ಕುಳಿತು, ಆಮೇಲೆ ನಿಂತು ತುಳಿದು ನೋಡಿದ. ಜಾರಲಿಲ್ಲ. ತಂಗಿ ಒಂದು ಷರತ್ತು ಹಾಕಿ ಒಪ್ಪಿದಳು: ಪ್ರತಿ ತಿಂಗಳು ಚೈನ್ ಅಳೆದು ಅವಳಿಗೆ ತೋರಿಸಬೇಕು. ಈಗ ಟೇಪ್ ಹಿಡಿಯುವುದು ಹುಡುಗ, 25ನೇ ಪಿನ್ ಲೆಕ್ಕ ಹಾಕುವುದು ಉಮ್ಮ.